ಒಲೆ ಮುಟ್ಟದ ಶನಿವಾರ

ಸೌಟಮ್ಮನಿಗೆ ಬೆಳಗ್ಗೆ ಎದ್ದ ಕೂಡಲೇ ಮೈ ಉರಿಯುತ್ತಿತ್ತು. ಅದಕ್ಕೆ ಕಾಯಿಲೆ ಕಾರಣವಲ್ಲ, ಸೊಸೆಯ ಬಾಯಿ ಕಾರಣ. ಅಡುಗೆಮನೆಯ ದೀಪ ಹಾಕಿದ ಕ್ಷಣದಿಂದ ಆ ಬಾಯಿ ಶುರುವಾಗುತ್ತಿತ್ತು. ಈರುಳ್ಳಿ ಹೆಚ್ಚುವಾಗ ಒಂದಿಷ್ಟು, ಪಾತ್ರೆ ತಿಕ್ಕುವಾಗ ಒಂದಿಷ್ಟು, ಗಂಡನ ಊಟದ ಡಬ್ಬಿ ಮುಚ್ಚುವಾಗ ಇನ್ನೊಂದಿಷ್ಟು. ಎದುರಿಗೆ ಜನವಿಲ್ಲ, ಕಿವಿಯಲ್ಲಿ ಫೋನಿಲ್ಲ. ಒಬ್ಬಳೇ ನಿಂತು ಇಟಾಲಿಯನ್ ಭಾಷೆಯಲ್ಲಿ ವಟಗುಟ್ಟುವುದು. ಕೇಳಿದರೆ ಓದು ಅನ್ನುತ್ತಾಳೆ. ಓದುವವರು ಪುಸ್ತಕ ಹಿಡಿದು ಕೂರುತ್ತಾರಪ್ಪ, ಪಾತ್ರೆ ಹಿಡಿದು ನಿಲ್ಲುತ್ತಾರೆಯೇ?

ಸೌಟಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಅವಳು ಪ್ರಾಯವೆಲ್ಲ ಸವೆಸಿದ್ದಳು. ಅಲ್ಲಿನ ನರ್ಸುಗಳ ಬಾಯಲ್ಲಿ ಹುಟ್ಟಿದ ಹೆಸರು ಅದು. ಡಾಕ್ಟರ ಮಾತ್ರೆಗೆ ಜಗ್ಗದ ರೋಗಿಗಳು ತನ್ನ ಬಟಾಣಿ ಸಾರು ಕುಡಿದು ಎದ್ದು ಕೂರುತ್ತಿದ್ದರು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ಅರ್ಧ ನಿಜವಿತ್ತು. ನಿವೃತ್ತಿಯ ದಿನ ಜೊತೆಯವರು ಉದ್ದ ಹಿಡಿಯ ಸ್ಟೀಲಿನ ಸೌಟೊಂದನ್ನು ಉಡುಗೊರೆ ಕೊಟ್ಟಿದ್ದರು. ಅದನ್ನು ಸೀರೆಯಲ್ಲಿ ಸುತ್ತಿಕೊಂಡು, ಇನ್ನು ಮಗನ ಮನೆಯಲ್ಲಿ ನಾಲ್ಕು ಜನಕ್ಕೆ ಬಾಯಿಗೆ ರುಚಿಯಾಗಿ ಬೇಯಿಸಿ ಹಾಕುತ್ತೇನೆ ಎಂದು ಆಸೆಯಿಂದ ಬಂದವಳು ಅವಳು.

ಬಂದ ವಾರದಲ್ಲೇ ಮಗ ಅವಳನ್ನು ಬಾಲ್ಕನಿಗೆ ಕರೆದು, ಬಾಗಿಲು ಮುಂದಕ್ಕೆಳೆದು, ದನಿ ತಗ್ಗಿಸಿದ್ದ.

“ಅಮ್ಮ, ಬೇಜಾರು ಮಾಡ್ಕೋಬೇಡ. ಅವಳ ಒಲೆ ಬೇರೆಯವರು ಮುಟ್ಟಿದ್ರೆ ಅವಳಿಗಾಗಲ್ಲ. ನಿನ್ನ ಕೈ ಅಡುಗೆ ಆಸ್ಪತ್ರೆ ವಾಸನೆ ಬರುತ್ತೆ ಅಂತಾಳೆ. ನೀನು ಹಾಯಾಗಿ ಕೂತ್ಕೊಂಡು ತಿನ್ನು.”

ಆಸ್ಪತ್ರೆ ವಾಸನೆ! ಆ ಮಾತು ಸೌಟಮ್ಮನ ಹೊಟ್ಟೆಯಲ್ಲಿ ಅಂದೇ ಕೂತುಬಿಟ್ಟಿತು. ಸೊಸೆಯನ್ನು ನೇರವಾಗಿ ಕೇಳಬಹುದಿತ್ತು. ಆದರೆ ಕೇಳುವುದು ಎಂದರೆ ಬೇಡುವುದು ಎಂಬುದು ಅವಳ ಲೆಕ್ಕ, ಅವಳು ಬೇಡುವ ಪೈಕಿಯಲ್ಲ. ಸೌಟನ್ನು ತನ್ನ ಮಂಚದ ಪಕ್ಕದ ಮೊಳೆಗೆ ತಗುಲಿ ಹಾಕಿದಳು. ಅಡುಗೆಮನೆಯ ಬಾಗಿಲಿನ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಳು. ಅಂದಿನಿಂದ ಅಲ್ಲೇ ಕೂತು, ಕೊಟ್ಟ ತರಕಾರಿ ಸೋಸಿ, ಹಾಕಿದ್ದು ತಿಂದು, ತುಟಿ ಪಿಟಕ್ಕೆನ್ನದೆ ಉರಿಯುತ್ತಿದ್ದಳು. ಸೊಸೆಯ ಅಡುಗೆ ಕೆಟ್ಟದ್ದೇನಲ್ಲ, ಆದರೆ ಅವಸರದ ಅಡುಗೆ. ಬೇಳೆ ಬೆಂದಿರುತ್ತಿತ್ತು, ಹದ ಬಂದಿರುತ್ತಿರಲಿಲ್ಲ. ಅದನ್ನು ನುಂಗುವುದು ಸೌಟಮ್ಮನಿಗೆ ದಿನಾ ಎರಡು ಹೊತ್ತಿನ ಶಿಕ್ಷೆ.

ಸೊಸೆ ಬೆಳಗ್ಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಇಟಾಲಿಯನ್ ಹುಚ್ಚು ಹತ್ತಿದ್ದೂ ಅಲ್ಲೇ. ಮುಲಾಮಿನ ಡಬ್ಬಿಯೊಳಗೆ ಮಡಚಿಟ್ಟ ತೆಳ್ಳನೆಯ ಕಾಗದದಲ್ಲಿ ಹಲವು ಭಾಷೆಗಳಲ್ಲಿ ಸೂಚನೆ ಇರುತ್ತದಲ್ಲ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಬಿಡಿಸಿ ಗಟ್ಟಿಯಾಗಿ ಓದುವ ಚಟ ಅವಳಿಗೆ. ಎಲ್ಲದರಲ್ಲಿ ಅದೊಂದು ಭಾಷೆ ಬಾಯಿಗೆ ಹಿತವಾಗಿತ್ತಂತೆ. ಗಾಯಕ್ಕೆ ಹಚ್ಚಿ, ಕಣ್ಣಿಗೆ ತಾಗಿಸಬೇಡಿ ಎನ್ನುವುದು ಕೂಡ ಹಾಡಿದ ಹಾಗೆ ಕೇಳುತ್ತಿತ್ತಂತೆ. ವಿಶ್ವವಿದ್ಯಾಲಯದಲ್ಲಿ ಸಂಜೆ ತರಗತಿ ಇದೆ ಎಂದು ತಿಳಿದದ್ದೇ ತಡ, ಹೋಗಿ ಸೇರಿಕೊಂಡಳು. ಭಾಷೆ, ಸಾಹಿತ್ಯ, ಸಂಸ್ಕೃತಿ, ಮೂರೂ ಸೇರಿದ ಪದವಿ. ಮಗಳು ಹೈಸ್ಕೂಲಿನಲ್ಲಿರುವಾಗ ತಾಯಿ ಚೀಲ ಹೆಗಲಿಗೇರಿಸಿದಳು ಎಂದು ಕೆಳಗಿನ ಇಸ್ತ್ರಿ ಅಂಗಡಿಯವನವರೆಗೂ ಎಲ್ಲರೂ ನಕ್ಕರು.

ಮೊದಮೊದಲು ಅವಳು ಊಟದ ಮೇಜಿನಲ್ಲಿ ಉತ್ಸಾಹದಿಂದ ಹೇಳುತ್ತಿದ್ದಳು. ಇವತ್ತು ಹಳೇ ಕಾಲದ ಗೋಡೆಚಿತ್ರದ ಪಾಠ ಆಯಿತು, ಇವತ್ತು ಒಂದು ಪದ್ಯ ಬಾಯಿಪಾಠ ಮಾಡಿಸಿದರು ಎಂದು. ಮಗನಿಗೆ ಅದು ಚೇಷ್ಟೆಯ ಸರಕು.

“ಆ ದೇಶದ ಒಂದು ನಾಯಿಯಾದ್ರೂ ನಮ್ಮ ಬೀದಿಗೆ ಬರುತ್ತಾ? ಯಾರ ಹತ್ರ ಮಾತಾಡ್ತೀಯ ಅದನ್ನ ಕಲಿತು?”

“ಯಾರೂ ಬರದೇ ಇದ್ರೆ ಓದಬಾರದು ಅಂತಿದೆಯೇನ್ರೀ?”

“ಓದು, ಬೇಡ ಅಂದೋರ್ಯಾರು. ಮನೆಯೋರ ಹೊಟ್ಟೆ ಮೇಲೆ ಹೊಡೆದು ಓದ್ಬೇಡ ಅಂದೆ ಅಷ್ಟೆ.” ಹಾಗೆಂದು ಅವನು ತಾಯಿಯ ಕಡೆ ತಿರುಗಿ ನಗುತ್ತಿದ್ದ. ಸೌಟಮ್ಮ ನಗುತ್ತಿರಲಿಲ್ಲ, ಆದರೆ ತಟ್ಟೆ ಕುಟ್ಟಿ ಏಳುತ್ತಿದ್ದಳು, ಅದು ನಗೆಗಿಂತ ಹೆಚ್ಚಿನ ಬೆಂಬಲ. ಬರಬರುತ್ತಾ ಸೊಸೆ ಮೇಜಿನಲ್ಲಿ ಹೇಳುವುದನ್ನು ನಿಲ್ಲಿಸಿದಳು. ಅವಳ ಮಾತೆಲ್ಲ ಅಡುಗೆಮನೆಯೊಳಕ್ಕೆ ಹೋಗಿ ಇಟಾಲಿಯನ್ ಆಯಿತು.

ಆ ವಟಗುಟ್ಟುವಿಕೆಯಲ್ಲಿ ಒಂದು ಪದ ಮತ್ತೆ ಮತ್ತೆ ಬರುವುದನ್ನು ಸೌಟಮ್ಮನ ಕಿವಿ ಹಿಡಿಯಿತು. ಸುವೋಚೆರಾ. ದಿನವಿಡೀ ಬಾಗಿಲ ಬಳಿ ಕೂತವಳಿಗೆ ಬೇರೇನು ಕೆಲಸ? ಸುವೋಚೆರಾ ಬಂದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಕೊನೆಗೆ ಮೊಮ್ಮಗಳನ್ನು ಪಕ್ಕಕ್ಕೆ ಕರೆದು, ನಿನ್ನ ಫೋನಿನಲ್ಲಿ ಇದನ್ನು ನೋಡು ಎಂದಳು. ಮೊಮ್ಮಗಳು ನೋಡಿ ಕಿಸಕ್ಕೆಂದಳು.

“ಅತ್ತೆ ಅಂತ ಅಜ್ಜಿ. ಗಂಡನ ತಾಯಿ. ನೀನೇ.”

ಅಲ್ಲಿಗೆ ಆಯಿತು. ಎದುರಿಗೆ ಬಾಯಿ ಬಿಡದವಳು ಪಾತ್ರೆಗಳ ಮುಂದೆ ನಿಂತು ತನ್ನ ಜನ್ಮ ಜಾಲಾಡುತ್ತಿದ್ದಾಳೆ ಎನ್ನುವುದು ಖಾತ್ರಿಯಾಯಿತು. ಅದೂ ತನ್ನ ಕಿವಿಯ ಪಕ್ಕದಲ್ಲೇ, ತನ್ನ ಕೈಯಲ್ಲೇ ತರಕಾರಿ ಸೋಸಿಸಿಕೊಂಡು! ಮಗನಿಗೆ ಹೇಳಿದಳು. ಅವನು ಅಯ್ಯೋ ಹೌದಮ್ಮ, ನಾನು ಏನು ತಾನೇ ಮಾಡಲಿ, ನಡುವೆ ಸಿಕ್ಕಿಕೊಂಡಿದ್ದೇನೆ ಎಂದು ನಿಟ್ಟುಸಿರು ಬಿಟ್ಟ. ಪಾಪ ನನ್ನ ಮಗ, ಎಂದುಕೊಂಡಳು ಸೌಟಮ್ಮ.

ಕಳೆದ ವರ್ಷ ಸೊಸೆಗೆ ಮೌಖಿಕ ಪರೀಕ್ಷೆ ಇತ್ತು. ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು, ಪಾಠ ಮಾಡುವ ಮೇಡಂ ಮುಂದೆ ಕೂತು ಬಾಯಲ್ಲಿ ಉತ್ತರಿಸುವುದೊಂದೇ ಬಾಕಿ. ಅವತ್ತು ಬೆಳಗ್ಗೆ ಸೌಟಮ್ಮನ ಮಂಡಿ ಹಿಡಿದುಕೊಂಡಿತು. ನೋವು ಸುಳ್ಳಲ್ಲ. ಆದರೆ ಮಹಡಿಯೆಲ್ಲ ಕೇಳುವಷ್ಟು ಕೂಗಿದ್ದು ಬೇರೆ ವಿಚಾರ. ಮಗನಿಗೆ ಕಚೇರಿಯಲ್ಲಿ ತುರ್ತು ಕೆಲಸ. ಸೊಸೆಯೇ ಕರೆದುಕೊಂಡು ಹೋಗಿ ಆಸ್ಪತ್ರೆಯ ಸಾಲಿನಲ್ಲಿ ಕೂತಳು. ಮಂಡಿಗೆ ಪಟ್ಟಿ ಬಿತ್ತು, ಪರೀಕ್ಷೆ ತಪ್ಪಿತು. ಈ ಸಲದ್ದು ಕೊನೆಯ ಅವಕಾಶ. ಇದೂ ತಪ್ಪಿದರೆ ಹೆಸರು ತೆಗೆಯುತ್ತಾರೆ, ಇಷ್ಟು ವರ್ಷ ಓದಿದ್ದು ಕಸಕ್ಕೆ ಹೋಗುತ್ತದೆ ಎಂದು ಸೊಸೆ ತಿಂಗಳಿನಿಂದ ಮನೆಯವರಿಗೆಲ್ಲ ಹೇಳುತ್ತಿದ್ದಳು. ಪರೀಕ್ಷೆ ಶನಿವಾರ, ಮಧ್ಯಾಹ್ನ, ಮರೆಯಬೇಡಿ ಎಂದು ತಟ್ಟೆ ಇಡುವಾಗ ಹೇಳಿದಳು, ಬಟ್ಟೆ ಒಣಹಾಕುವಾಗ ಹೇಳಿದಳು.

ಪರೀಕ್ಷೆಗೆ ಎರಡು ವಾರ ಇರುವಾಗ ಮಗ ರಾತ್ರಿಯೂಟದಲ್ಲಿ ತಲೆ ಎತ್ತದೆಯೇ ಸುದ್ದಿ ಹೇಳಿದ. ಅವನು ಕರೆಂಟ್ ಮೀಟರ್ ಕಚೇರಿಯಲ್ಲಿ ಗುಮಾಸ್ತ. ಮೇಲಿನ ಕುರ್ಚಿಯೊಂದು ಖಾಲಿಯಾಗುವುದಿತ್ತು. ಅದಕ್ಕೇ ಸಾಹೇಬರನ್ನೂ ಅವರ ಹೆಂಡತಿಯನ್ನೂ ಮತ್ತಿಬ್ಬರು ಜೊತೆಗಾರರನ್ನೂ ಮಧ್ಯಾಹ್ನದ ಊಟಕ್ಕೆ ಕರೆದಿದ್ದನಂತೆ.

“ಯಾವತ್ತು?” ಎಂದಳು ಸೊಸೆ.

“ಆ ಶನಿವಾರ. ಅವರಿಗೆ ಬಿಡುವಿರೋದೇ ಅವತ್ತು.”

ಸೊಸೆ ಬಡಿಸುತ್ತಿದ್ದ ಚಮಚ ಕೆಳಗಿಟ್ಟಳು. “ಅವತ್ತು ನನ್ನ ಪರೀಕ್ಷೆ ಅಂತ ನಿಮಗೆ ಗೊತ್ತು.”

“ಬೆಳಗ್ಗೆ ಬೇಗ ಎದ್ದು ಮಾಡಿಟ್ಟು ಹೋಗು.”

“ಬಡಿಸೋರ್ಯಾರು? ಬಿಸಿ ಮಾಡೋರ್ಯಾರು? ಸಾಹೇಬರ ಮುಂದೆ ತಣ್ಣನೆ ಊಟ ಇಟ್ರೆ ಆಮೇಲೆ ಅದಕ್ಕೂ ನನ್ನ ಓದೇ ಕಾರಣ ಅಂತೀರಿ. ದಿನ ಬದಲಾಯಿಸಿ.”

“ಆಗಲ್ಲ. ಹಾಗೆ ನೋಡಿದ್ರೆ ನಂದೇನೂ ಇಲ್ಲಮ್ಮ, ನೀನು ಹೋಗು ಅಂತೀನಿ. ಅಮ್ಮನಿಗೆ ಸರಿ ಕಾಣಲ್ಲ. ಬೇಕಾದ್ರೆ ಅಮ್ಮನನ್ನೇ ಕೇಳು.”

ಮೂರೂ ಜನ ಸೌಟಮ್ಮನ ಮುಖ ನೋಡಿದರು. ಅವಳ ತಲೆಯಲ್ಲಿ ಸುವೋಚೆರಾ ಗುಂಯ್ ಎನ್ನುತ್ತಿತ್ತು.

“ಹೌದು, ಸರಿ ಕಾಣಲ್ಲ,” ಎಂದಳು. “ಮನೆಗೆ ಜನ ಬರುವಾಗ ಮನೆಯೋಳು ಮನೇಲಿರ್ಬೇಕು.”

ಸೊಸೆ ಜಗಳ ಮಾಡಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದಳು. ಅರ್ಧ ಊಟ ಮಾಡಿದ್ದ ಮೊಮ್ಮಗಳ ತಟ್ಟೆಯೂ ಅದರಲ್ಲಿ ಹೋಯಿತು.

ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ಉಪ್ಪು ಬೇಕೆಂದರೆ ಉಪ್ಪಿನ ಡಬ್ಬಿ ಠಕ್ಕನೆ ಬಂದು ಕೂರುತ್ತಿತ್ತು. ಬಟ್ಟೆ ಒಗೆದಿರುತ್ತಿತ್ತು, ಮಡಚಿರುತ್ತಿರಲಿಲ್ಲ. ಮೊಮ್ಮಗಳು ಅಪ್ಪನಿಗೆ ಎದುರುತ್ತರ ಕೊಟ್ಟು ಬೈಸಿಕೊಂಡಳು. ಮಗ ಮಾತ್ರ ಸಾಹೇಬರಿಗೆ ಮೀನು ಇಷ್ಟವೋ ಕೋಳಿಯೋ ಎಂದು ವಿಚಾರಿಸಿಕೊಂಡು, ಹೊಸ ಗಾಜಿನ ಲೋಟ ತಂದು, ಆರಾಮವಾಗಿದ್ದ. ಅಡುಗೆಮನೆಯ ಇಟಾಲಿಯನ್ ಮಾತ್ರ ನಿಲ್ಲಲಿಲ್ಲ. ಪರೀಕ್ಷೆಗೆ ಹೋಗಲು ಬಿಡದಿದ್ದರೂ ತಯಾರಿ ನಡೆದೇ ಇತ್ತು. ಅದನ್ನು ಕಂಡು ಸೌಟಮ್ಮನಿಗೆ ಪಿತ್ತ ನೆತ್ತಿಗೇರುತ್ತಿತ್ತು.

ಆ ಶುಕ್ರವಾರ ಸೊಸೆ ಅಂಗಡಿಯಿಂದ ಬಂದವಳೇ ಮರುದಿನದ ಬೀನ್ಸ್ ಸೋಸಲು ಕುರ್ಚಿಯ ಮುಂದೆ ಬುಟ್ಟಿ ಇಟ್ಟು ಒಳಗೆ ಹೋದಳು. ನಲ್ಲಿ ಬಿಟ್ಟಳು. ಬಾಯಿ ಬಿಟ್ಟಳು. ಮೊದಲ ಉಸಿರಿಗೇ ಸುವೋಚೆರಾ, ಮತ್ತೆ ಸುವೋಚೆರಾ, ಮತ್ತೆ. ಸೌಟಮ್ಮ ಬೀನ್ಸಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಎದ್ದಳು. ಇಷ್ಟು ವರ್ಷ ದಾಟದ ಹೊಸಿಲನ್ನು ದಾಟಿ ಅಡುಗೆಮನೆಯೊಳಗೆ ನಿಂತಳು.

“ಬೈಯೋದಿದ್ರೆ ನಮ್ಮ ಮಾತಲ್ಲಿ ಬೈ. ನಂಗೆ ಅರ್ಥ ಆಗೋ ಹಾಗೆ ಬೈ. ಅತ್ತೆ ಅತ್ತೆ ಅಂತ ಅಷ್ಟೊಂದು ಜಪ ಮಾಡ್ತೀಯಲ್ಲ, ಏನೇ ಅದು ನನ್ನ ಪುರಾಣ?”

ಸೊಸೆ ನಲ್ಲಿ ನಿಲ್ಲಿಸಿದಳು. ಅವಳ ಮುಖವೂ ಕೆಂಪಗಾಗಿತ್ತು.

“ಬೈತಾ ಇಲ್ಲ ಅತ್ತೆ. ಮನೇಲಿ ಏನು ನಡೆಯುತ್ತೋ ಅದನ್ನೇ ಆ ಭಾಷೇಲಿ ಹೇಳ್ತಾ ಕೆಲಸ ಮಾಡಿ, ನಾಲಿಗೆ ಹೊರಳುತ್ತೆ ಅಂತ ಮೇಡಂ ಹೇಳಿದಾರೆ. ಮೌಖಿಕದಲ್ಲಿ ಮನೆ ಬಗ್ಗೇನೂ ಕೇಳ್ತಾರೆ. ನಿಮಗೆ ಬೇಕಾ? ಈಗ ಹೇಳಿದ್ದನ್ನ ಹಾಗ್ಹಾಗೇ ಹೇಳ್ತೀನಿ, ಕೇಳಿ.” ಒದ್ದೆ ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಳು. “ನಾನು ಪಾತ್ರೆ ತೊಳೀತಾ ಇದೀನಿ. ನಮ್ಮತ್ತೆ ಬೀನ್ಸ್ ಸೋಸ್ತಾ ಇದಾರೆ. ನಮ್ಮತ್ತೆ ದೊಡ್ಡಾಸ್ಪತ್ರೇಲಿ ಅಡುಗೆ ಮಾಡ್ತಿದ್ರು. ಈಗ ಅವರಿಗೆ ಅಡುಗೆ ಅಂದ್ರೆ ಆಗಲ್ಲ. ಜನ್ಮವೆಲ್ಲ ಊರಿಗೆ ಬೇಯಿಸಿ ಹಾಕಿದೀನಿ, ಸೊಸೆ ಇರೋ ಮನೇಲಿ ಸೌಟು ಮುಟ್ಟಲ್ಲ ಅಂತ ಹೇಳಿದಾರೆ. ಅದು ನ್ಯಾಯವೇ. ಆದ್ರೆ ನಂಗೂ ಸಾಕಾಗುತ್ತೆ. ಇಷ್ಟೇ.”

ಸೌಟಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಯಾರು ಹೇಳಿದ್ದು ಸೌಟು ಮುಟ್ಟಲ್ಲ ಅಂತ?”

“ನೀವು.”

“ಯಾರ ಹತ್ರ ಹೇಳಿದೆ?”

ಸೊಸೆ ಉತ್ತರ ಕೊಡಲು ಹೋದವಳು ಅಲ್ಲೇ ತಡೆದಳು. ಇಬ್ಬರ ಕಣ್ಣೂ ಹಜಾರದ ಕಡೆ, ಬಾಗಿಲ ಬಳಿ ನೀಟಾಗಿ ಜೋಡಿಸಿಟ್ಟಿದ್ದ ಮಗನ ಮನೆಚಪ್ಪಲಿಗಳ ಕಡೆ ಹೋದವು.

“ನೀವು ಬಂದ ಮೊದಲನೇ ವಾರ,” ಎಂದಳು ಸೊಸೆ ನಿಧಾನವಾಗಿ. “ಬಾಲ್ಕನೀಲಿ ಕರೆದು ಹೇಳಿದ್ರು.”

“ಬಾಗಿಲು ಮುಂದಕ್ಕೆಳೆದು?”

“ಹೂಂ.”

“ನನ್ನ ಕೈ ಅಡುಗೆ ಆಸ್ಪತ್ರೆ ವಾಸನೆ ಬರುತ್ತೆ ಅಂದಿದ್ಯಂತಲ್ಲೇ ನೀನು.”

“ನಾನಾ? ನಿಮ್ಮ ಕೈ ಊಟ ನಾನು ಉಂಡಿದ್ದೇ ಮದುವೆಯಾದ ಹೊಸದ್ರಲ್ಲಿ ಒಂದೇ ಸಲ. ಬಟಾಣಿ ಸಾರು ಮಾಡಿದ್ರಿ. ಇನ್ನೊಂದು ಸಲ ಮಾಡಿ ಅಂತ ಕೇಳೋಕೆ ಎಷ್ಟು ಸಲ ಬಾಯಿಗೆ ಬಂದಿದೆ. ಮುಟ್ಟಲ್ಲ ಅಂದೋರನ್ನ ಹೇಗೆ ಕೇಳೋದು?”

ಆಮೇಲೆ ಮಗನ ಮಾತುಗಳು ಒಂದೊಂದಾಗಿ ಹೊರಬಿದ್ದವು. ಸೊಸೆಗೆ ನಿನ್ನ ಜೊತೆ ಪೇಟೆಗೆ ಬರಲು ನಾಚಿಕೆ ಎಂದು ಇವಳಿಗೆ ಹೇಳಿದ್ದ, ಅಮ್ಮನಿಗೆ ನಿನ್ನ ಜೊತೆ ಬರಲು ಮನಸ್ಸಿಲ್ಲ ಎಂದು ಅವಳಿಗೆ. ಸೊಸೆ ಸಂಜೆ ತರಗತಿಗೆ ಹೋಗುವುದೇ ನಿನ್ನ ಮುಖ ನೋಡಬಾರದೆಂದು ಎಂದು ಇಲ್ಲಿ, ನೀನು ಓದುವುದು ಅಮ್ಮನಿಗೆ ಕಣ್ಣುರಿ ಎಂದು ಅಲ್ಲಿ. ಎಲ್ಲವೂ ಅದೇ ಬಾಲ್ಕನಿಯಲ್ಲಿ, ಅದೇ ತಗ್ಗಿದ ದನಿಯಲ್ಲಿ. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರ ಕಿವಿಗೆ ಊದಿ, ನಡುವೆ ತಾನು ಪಾಪದವನಾಗಿ ಕೂತಿದ್ದ. ಪಾಪ ನನ್ನ ಮಗ ಎಂದು ತಾನೇ ಎಷ್ಟು ಸಲ ಮರುಗಿದ್ದೆ ಎನ್ನುವುದು ಸೌಟಮ್ಮನಿಗೆ ನೆನಪಾಯಿತು. ಜಾರಿಹೋದ ವರ್ಷಗಳನ್ನು ನೆನೆದು ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಿಟ್ಟು, ಬರೀ ಸಿಟ್ಟು.

ಸೊಸೆಯೂ ಕರಗಲಿಲ್ಲ. “ಅದೆಲ್ಲ ಅವರು ಹೇಳಿದ್ದು. ಹೋದ ವರ್ಷ ಮಂಡಿ ಹಿಡ್ಕೊಂಡು ಕೂಗಿದ್ದು ನೀವು. ಮೊನ್ನೆ ಮೇಜಿನಲ್ಲಿ ಸರಿ ಕಾಣಲ್ಲ ಅಂದಿದ್ದೂ ನೀವೇ,” ಎಂದಳು.

“ಮಂಡಿ ನೋವು ನಿಜ ಕಣೇ.”

“ಕೂಗು?”

ಸೌಟಮ್ಮ ಬೀನ್ಸಿನ ಬುಟ್ಟಿಯ ಕಡೆ ಕಣ್ಣು ತಿರುಗಿಸಿದಳು. “ಕೂಗು ಜಾಸ್ತಿ ಆಯ್ತು,” ಎಂದಳು.

ಸೊಸೆ ಅದಕ್ಕೆ ಪರವಾಗಿಲ್ಲ ಎನ್ನಲಿಲ್ಲ. ಅದು ಇನ್ನೂ ನೋಯುತ್ತಿತ್ತು, ಅದಕ್ಕೇ ಅನ್ನಲಿಲ್ಲ. ತೊಳೆದ ಪಾತ್ರೆಗಳನ್ನು ಬೋರಲು ಹಾಕುತ್ತಾ, ತನ್ನ ಮೌಖಿಕದಲ್ಲಿ ಒಂದು ಭಾಗ ಆ ದೇಶದ ಹಳೆಯ ಬೀದಿ ನಾಟಕದ್ದು ಎಂದು ಹೇಳಿದಳು. ಮುಖವಾಡ ಹಾಕಿ ಚೌಕದಲ್ಲಿ ಆಡುತ್ತಿದ್ದರಂತೆ. ಒಬ್ಬ ಆಳು ಈ ಮನೆಗೂ ಆ ಮನೆಗೂ ಸುದ್ದಿ ಹೊತ್ತು, ಇಲ್ಲಿಗೊಂದು ಅಲ್ಲಿಗೊಂದು ಹೇಳಿ, ಎರಡೂ ಕಡೆ ಉಂಡು ಕೊಬ್ಬುತ್ತಾನಂತೆ. ಜನ ಬಿದ್ದು ಬಿದ್ದು ನಗುತ್ತಿದ್ದರಂತೆ.

“ಕೊನೆಗೆ ಏನಾಗುತ್ತೆ ಅವನಿಗೆ?” ಎಂದು ಸೌಟಮ್ಮ ಕೇಳಿದಳು.

“ಎರಡು ಮನೆಯೋರೂ ಎದುರುಬದುರು ಸಿಗ್ತಾರೆ. ಅವನಿಗೆ ಒದೆ ಬೀಳುತ್ತೆ.”

“ನಾಳೆ ನೀನು ಪರೀಕ್ಷೆಗೆ ಹೋಗು,” ಎಂದಳು ಸೌಟಮ್ಮ. “ಊಟದ ವಿಷಯ ನನಗೆ ಬಿಡು.”

ಶನಿವಾರ ಬೆಳಗ್ಗೆ ಮಗ ಎರಡು ಚೀಲದ ತುಂಬ ಸಾಮಾನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಕೋಳಿ, ಆಲೂಗಡ್ಡೆ, ಸೊಪ್ಪು, ಬೆಣ್ಣೆ, ದ್ರಾಕ್ಷಿ. ಹೆಂಡತಿಯ ಮುಖ ನೋಡದೆ ಏನೇನು ಮಾಡಬೇಕೆಂದು ಗೋಡೆಗೆ ಹೇಳಿ, ಅತಿಥಿಗಳನ್ನು ಕರೆತರಲು ಹೊರಟ. ಅವನು ಮೆಟ್ಟಿಲಿಳಿದ ಮೇಲೆ ಸೊಸೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು. ಅಷ್ಟೂ ಅಡುಗೆ ನೀವೊಬ್ಬರೇ ಮಾಡುತ್ತೀರಾ, ಬೆಳಗ್ಗೆ ಸ್ವಲ್ಪ ಹೆಚ್ಚಿಡಬೇಕಿತ್ತೇನೋ ಎಂದು ಅನುಮಾನಿಸಿದಳು. ಆಸ್ಪತ್ರೆಯಲ್ಲಿ ಎಷ್ಟು ವಾರ್ಡಿತ್ತು ಗೊತ್ತಾ ನಿಂಗೆ, ಹೋಗು ಎಂದು ಸೌಟಮ್ಮ ಗದರಿಸಿ ಕಳಿಸಿದಳು.

ಬಾಗಿಲು ಹಾಕಿ ಬಂದ ಮೊಮ್ಮಗಳು ತೋಳು ಮಡಚಿ, ಏನು ಹೆಚ್ಚಲಿ ಅಜ್ಜಿ ಎಂದಳು.

“ಏನೂ ಹೆಚ್ಚಬೇಡ. ಮೇಜಿಗೆ ಬಟ್ಟೆ ಹಾಸು. ತಟ್ಟೆ ಇಡು. ಹೊಸ ಲೋಟಗಳನ್ನೂ ಇಡು, ನಿಮ್ಮಪ್ಪ ಆಸೆಪಟ್ಟು ತಂದಿದಾನೆ.”

ಮೊಮ್ಮಗಳು ಅಜ್ಜಿಯ ಮುಖವನ್ನೊಮ್ಮೆ ನೋಡಿ, ತಟ್ಟೆ ತರಲು ಹೋದಳು. ಕೋಳಿಯನ್ನು ಮಾತ್ರ ಕೆಟ್ಟೀತೆಂದು ಫ್ರಿಜ್ಜಿಗೆ ಸೇರಿಸಿದರು. ಉಳಿದ ಸಾಮಾನು ಚೀಲದಲ್ಲೇ ಉಳಿಯಿತು. ಸೌಟಮ್ಮ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಪ್ಲಾಸ್ಟಿಕ್ ಕುರ್ಚಿಯನ್ನು ಹಜಾರಕ್ಕೆ ತಂದು ಮೇಜಿನ ತಲೆಯ ಕಡೆ ಹಾಕಿಕೊಂಡು ಕೂತಳು.

ಮಧ್ಯಾಹ್ನ ಬಂದರು. ಸಾಹೇಬರು ಸ್ಥೂಲಕಾಯರು, ಎರಡನೇ ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅವರ ಹೆಂಡತಿ ಸಣ್ಣಗೆ, ಚುರುಕಾಗಿದ್ದರು. ಹಿಂದೆ ಜೊತೆಗಾರರಿಬ್ಬರು. ಮಗ ಎಲ್ಲರಿಗಿಂತ ಮುಂದೆ ಒಳಬಂದು, ಮೂಗೆತ್ತಿ ಗಾಳಿ ಹಿಡಿದ. ಅಡುಗೆಯ ವಾಸನೆ ಇರಲಿಲ್ಲ.

ಸೌಟಮ್ಮ ಎದ್ದು ಎಲ್ಲರಿಗೂ ನಮಸ್ಕಾರ ಮಾಡಿ ಕೂರಲು ಹೇಳಿದಳು. ಸಾಹೇಬರು ಅವಳನ್ನೇ ನೋಡುತ್ತಾ ನಿಂತರು.

“ಇವರು ನಿಮ್ಮ ತಾಯಿಯವರಾ?” ಎಂದು ಮಗನನ್ನು ಕೇಳಿದರು. “ಹಾಸಿಗೆ ಹಿಡಿದಿದಾರೆ ಅಂದಿದ್ರಿ. ಅದಕ್ಕೇ ಅಲ್ವಾ ಅಷ್ಟು ಸಲ ರಜ ತಗೊಂಡಿದ್ದು?”

ಓಹೋ, ಬಾಲ್ಕನಿ ಕಚೇರಿಯಲ್ಲೂ ಒಂದಿದೆ ಎಂದುಕೊಂಡಳು ಸೌಟಮ್ಮ. ಮಗ ಏನೋ ತಡವರಿಸಿ, ಅವಸರವಾಗಿ ಅಡುಗೆಮನೆಗೆ ಹೋದ. ಬಿಚ್ಚದ ಚೀಲಗಳನ್ನು ಕಂಡ. ಒಲೆಯ ಮೇಲೆ ಕೈಯಿಟ್ಟು ನೋಡಿದ, ತಣ್ಣಗಿತ್ತು. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಅಮ್ಮ, ಅಡುಗೆ?”

“ಆಗಿಲ್ಲ.”

“ಎಲ್ಲಿ ಅವಳು?”

“ಪರೀಕ್ಷೆಗೆ ಹೋದಳು.” ಸೌಟಮ್ಮ ಸಾಹೇಬರ ಹೆಂಡತಿಯ ಕಡೆ ತಿರುಗಿದಳು. “ನನ್ನ ಸೊಸೆ ವಿಶ್ವವಿದ್ಯಾಲಯದಲ್ಲಿ ಇಟಾಲಿಯನ್ ಓದ್ತಾಳೆ. ಇವತ್ತು ಕೊನೇ ಪರೀಕ್ಷೆ.”

ಮಗ ತಗ್ಗಿದ ದನಿಯಲ್ಲಿ, ಒಂದು ನಿಮಿಷ ಬಾಲ್ಕನಿಗೆ ಬಾಮ್ಮ ಎಂದ.

“ಬಾಲ್ಕನಿಗೆ ಬರಲ್ಲ ಕಣೋ. ಇಲ್ಲೇ ಕೇಳು, ಇಲ್ಲೇ ಹೇಳ್ತೀನಿ. ಒಲೆ ನಾನು ಮುಟ್ಟಬಾರದು ಅಂತ ನಿನ್ನ ಹೆಂಡತಿ ಹೇಳಿದಾಳೆ ಅಂತ ಬಂದು ಹೇಳಿದೋನು ನೀನು. ಇಷ್ಟು ವರ್ಷ ಮುಟ್ಟಲಿಲ್ಲ, ಇವತ್ತೂ ಮುಟ್ಟಲಿಲ್ಲ. ಅಮ್ಮನಿಗೆ ಸರಿ ಕಾಣಲ್ಲ ಅಂತ ಅವಳನ್ನ ತಡೆದೋನೂ ನೀನೇ. ನಂಗೆ ಸರಿ ಕಂಡಿತು, ಹೋಗು ಅಂದೆ, ಹೋದಳು. ಇನ್ನು ಮುಟ್ಟೋಕೆ ಉಳಿದಿರೋನು ಯಾರು? ತರಕಾರಿ ಅಲ್ಲೇ ಇದೆ. ಬೆಂಕಿಪೆಟ್ಟಿಗೆ ಒಲೆ ಪಕ್ಕದಲ್ಲಿದೆ.”

ಜೊತೆಗಾರರಲ್ಲೊಬ್ಬ ಖಾಲಿ ತಟ್ಟೆಯನ್ನು ಸುಮ್ಮನೆ ಸರಿಪಡಿಸಿದ.

“ಮನೇಲಿ ಶಾಂತಿಯಾಗಿರಲಿ ಅಂತ ಹೇಳಿದ್ದಮ್ಮ ನಾನು,” ಎಂದ ಮಗ. “ಒಂದು ಅಡುಗೆಮನೇಲಿ ಇಬ್ರು ಹೆಂಗಸರು ಸೇರಿದ್ರೆ ದಿನಾ ರಂಪ ಆಗುತ್ತೆ ಅಂತ.”

“ರಂಪ ಆಗಿದ್ರೆ ಆಗ್ತಿತ್ತು. ವಾರದಲ್ಲಿ ಮುಗೀತಿತ್ತು. ಶಾಂತಿ ಅಂತೆ ಶಾಂತಿ! ಅವಳು ದುಡಿದು ಸತ್ತಳು, ನಾನು ಕೂತು ಕೊಳೆತೆ, ನೀನು ಉಂಡು ಮಲಗಿದೆ. ಅದಕ್ಕೆ ಶಾಂತಿ ಅಂತೀಯಾ?”

ಸಾಹೇಬರ ಹೆಂಡತಿ ಮೊದಲು ಎದ್ದರು. ಸೌಟಮ್ಮನ ಹತ್ತಿರ ಬಂದು, ಇನ್ನೊಂದು ದಿನ ಬರುತ್ತೇವೆ, ನಿಮ್ಮ ಸೊಸೆಯಿರುವಾಗ ಬರುತ್ತೇವೆ ಎಂದು ಕೈ ಹಿಡಿದು ಹೇಳಿ, ಗಂಡನಿಗೆ ಬಾಗಿಲು ತೋರಿಸಿದರು. ಮಗ ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋದ. ಹೋಗುವಾಗ ತಾಯಿಯ ಪಕ್ಕ ಬಗ್ಗಿ, ಮಾನ ಕಳೆದೆ ಅಂದ. ಸೌಟಮ್ಮ ಆ ಮಾತನ್ನು ಗಟ್ಟಿಯಾಗಿ ಪುನರುಚ್ಚರಿಸಿದಳು, ಮೆಟ್ಟಿಲಲ್ಲಿದ್ದವರಿಗೂ ಕೇಳಲಿ ಎಂದು.

ಸೊಸೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಚೀಲ ಕೆಳಗಿಟ್ಟು, ಖಾಲಿ ತಟ್ಟೆಗಳ ಸಾಲು ನೋಡಿ ಗಾಬರಿಯಾದಳು. ಮೊಮ್ಮಗಳು ನಡೆದದ್ದನ್ನೆಲ್ಲ ಅಭಿನಯ ಸಮೇತ ಒಪ್ಪಿಸಿದಳು. ಸೊಸೆ ನಗಲಿಲ್ಲ. ಕುರ್ಚಿ ಎಳೆದು ಕೂತು ಎರಡೂ ಕೈಯಲ್ಲಿ ಮುಖ ಒತ್ತಿಕೊಂಡಳು.

“ನಿನ್ನ ಪರೀಕ್ಷೆ ಏನಾಯ್ತು, ಅದನ್ನ ಹೇಳು,” ಎಂದಳು ಸೌಟಮ್ಮ.

“ಪಾಸು. ಅಲ್ಲೇ ಹೇಳಿದ್ರು.” ಮುಖದಿಂದ ಕೈ ತೆಗೆದು, “ಮನೆ ಬಗ್ಗೆ ಕೇಳಿದ್ರು ಅತ್ತೆ. ದಿನಾ ಹೇಳ್ತಿದ್ದನ್ನೇ ಹೇಳೋಕೆ ಹೋದೆ, ಬಾಯಿ ಬರಲಿಲ್ಲ. ನಮ್ಮನೇಲಿ ಇವತ್ತು ನಮ್ಮತ್ತೆ ಅಡುಗೆ ಮಾಡ್ತಿದಾರೆ, ಅವರ ಬಟಾಣಿ ಸಾರಿನ ಮುಂದೆ ಯಾವ ಊಟವೂ ಇಲ್ಲ ಅಂದೆ. ಈಗ ನೋಡಿದ್ರೆ ಅದು ಸುಳ್ಳಾಯ್ತು.”

ಸೌಟಮ್ಮ ಎದ್ದಳು. ಮಂಡಿ ಚಳಕ್ಕೆಂದಿತು, ಅವಳು ಕೂಗಲಿಲ್ಲ. ತನ್ನ ಮಂಚದ ಪಕ್ಕದ ಮೊಳೆಯಿಂದ ಸೌಟು ಇಳಿಸಿ, ಧೂಳನ್ನು ಸೆರಗಿನಲ್ಲಿ ಒರೆಸಿ, ಅಡುಗೆಮನೆಗೆ ಹೋದಳು.

“ಬಟಾಣಿ ಎಲ್ಲಿಟ್ಟಿದೀಯೇ?”

ಸಾರು ಕುದಿಯುವ ಹೊತ್ತಿಗೆ ಮಗ ಬಂದ. ಹೋಟೆಲಿನಲ್ಲಿ ಅವನ ಗಂಟಲಿಗೆ ಏನೂ ಇಳಿದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಹೆಂಡತಿ ಒಲೆಯ ಪಕ್ಕದಲ್ಲೇ ನಿಂತಿದ್ದರೂ ತಾಯಿಯ ಕಿವಿಯ ಬಳಿ ಬಂದು, ಅವಳಿಗೆ ಸಿಟ್ಟು ಇಳಿದಿದೆಯಾ ಕೇಳಮ್ಮ ಎಂದ.

“ನೀನೇ ಕೇಳು,” ಎಂದಳು ಸೌಟಮ್ಮ, ಸೌಟು ತಿರುವುತ್ತಾ. “ಇಲ್ಲೇ ನಿಂತಿದಾಳೆ.”

ಅವನಿಗೆ ಕೇಳಲು ಬರಲಿಲ್ಲ. ಅವನಿಗೆ ಹೆಂಡತಿಯ ಬಗ್ಗೆ ಹೇಳಿ ಅಭ್ಯಾಸ, ಹೆಂಡತಿಗೆ ಹೇಳಿ ಅಭ್ಯಾಸವಿರಲಿಲ್ಲ. ಬಾಗಿಲಾಚೆ ತಾಯಿಯ ಕುರ್ಚಿಯಿಲ್ಲದೆ ಖಾಲಿಯಿದ್ದ ಜಾಗದಲ್ಲಿ ಹೋಗಿ ನಿಂತ. ಸೊಸೆ ಬೀನ್ಸಿನ ಬುಟ್ಟಿ ಎತ್ತಿ ಅವನ ಕೈಗೆ ಕೊಟ್ಟಳು, ಸೋಸಲು.

ಸೌಟಮ್ಮ ಸಾರನ್ನು ಸಣ್ಣ ಬಟ್ಟಲಿಗೆ ಹಾಕಿ ಸೊಸೆಯ ಮುಂದೆ ಹಿಡಿದಳು. “ಹೇಗಿದೆ ಹೇಳು. ನನ್ನ ಮುಖಕ್ಕೇ ಹೇಳು.”

ಸೊಸೆ ಊದಿ ಊದಿ ಕುಡಿದಳು. ಕಣ್ಣು ಮುಚ್ಚಿದಳು. ಮತ್ತೊಂದು ಗುಟುಕು ಕುಡಿದಳು.

“ಉಪ್ಪು ಜಾಸ್ತಿಯಾಗಿದೆ ಅತ್ತೆ.”

ಸೌಟಮ್ಮನಿಗೆ ಮೈ ಉರಿಯಿತು. ಸೊಸೆಯನ್ನು ದುರುಗುಟ್ಟಿ ನೋಡಿದಳು, ಸೊಸೆಯೂ ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಸೌಟಮ್ಮ ಒಂದು ಲೋಟ ನೀರು ತೆಗೆದು ಸಾರಿಗೆ ಹುಯ್ದಳು.